ಜೋಡಿ ಗಾಲಿ

ಗಬ್ಬೂರ ಕ್ರಾಸಿನ ದಾವಲಸಾಬನ ಅಂಗಡಿ ಮುಂದ
ಮುಂಜಾನಿ ಏಳಕ್ಕ ಗಾಡಿ ಹಚ್ಚಿದೆ.
ಆಂವ ರೊಕ್ಕದ ಮಾತು ತಗೀಲಿಲ್ಲ.
'ಏನ್ ಎಳೀತೈತಿ ಇದು?'

ಕಪ್ಪತಗುಡ್ಡದ ಮ್ಯಾಲ ನಿಂದ್ರಸೂ ಗಾಳಿಯಂತ್ರದ ತಲಿ, ಅಂದೆ.
ಅದ ಅರವತ್ತು ಟನ್ನು, ಟ್ರೇಲರ್ ಬ್ಯಾರೆ.
ಚಾದ ಕಪ್ಪು ಕೆಳಗಿಟ್ಟು ಎದ್ದ.

ಕಬ್ಬಿಣದ ಸಳಿ ತೊಗೊಂಡು
ಒಂದೊಂದ ಗಾಲಿಗೆ ಬಡದ, ಕಿವಿ ಕೊಟ್ಟ,
ಡಾಕ್ಟರು ಬೆನ್ನಿಗೆ ಬೆರಳಿಟ್ಟು ಬಡಧಂಗ.
ಎಂಟನೇದಕ್ಕ ನಿಂತ. ಮತ್ತೊಮ್ಮೆ ಬಡದ.
'ಇದು ಸುಳ್ಳ ಹೇಳಾಕತ್ತೈತಿ.'

ಗಜೇಂದ್ರಗಡದಿಂದ ಮಾಲಕ ಕಳಕಪ್ಪಗೌಡ್ರ ಫೋನು:
'ಹಿಂದ ರಿಸೋಲ್ ಹಾಕಸು, ಒಂದು ಟ್ರಿಪ್ಪಿಂದು ಏನ್ ಮಹಾ.
ಮುಂದ ಮಾತ್ರ ಅಲಾಯ್ ಡಿಸ್ಕು, ಹೊಳಿಯೂವು.
ಕಂಪನಿಯವ್ರು ಫೋಟೋ ತಗೀತಾರ.'
ಸ್ಪೀಕರಿನ್ಯಾಗ ಅಂಗಡಿಗೆಲ್ಲಾ ಕೇಳ್ತು.
ದಾವಲಸಾಬ ನಗಲಿಲ್ಲ.
'ಹೊಳಿಯೂದು ಲಗ್ನಕ್ಕಾತು ಗೌಡ್ರ,
ಹೊರಾಕ ಬ್ಯಾರೆನ ಬೇಕು.'

ಟಾಯರಿನ ಬಗಲಾಗ ಬರದದ್ದು ಓದಾಕ ಬರತೈತೇನು ಅಂದ.
ನಾ ಮೂರನೇತ್ತಾ ಬಿಟ್ಟಾಂವ.
ನನ್ನ ಬೆರಳು ಹಿಡದು ಅಂಕಿ ಮ್ಯಾಲ ಎಳದ:
ಇದು ಅಗಲ. ಇದು ಡಿಸ್ಕಿನ ಅಳತಿ.
ಈ ನಾಕು ಅಂಕಿ, ಹುಟ್ಟಿದ ವಾರ, ಹುಟ್ಟಿದ ವರ್ಷ.
ಇದು ಒಂಟಿ ಇದ್ದಾಗ ಹೊರೂ ಭಾರ,
ಇದು ಜೋಡಿ ಇದ್ದಾಗ.

ಜೋಡಿ ಇದ್ದಾಗಿಂದು ಕಮ್ಮಿ ಇತ್ತು.
ಯಾಕ, ಅಂದೆ.
'ಮಗ್ಗಲದಾಂವ ಯಾವಾಗ ಕೈ ಬಿಡ್ತಾನೊ
ಕಂಪನಿಗೂ ಗೊತ್ತಿಲ್ಲ, ಅದಕ್ಕ.'

ನಾ ಸುಮ್ಮನಾದೆ.
ಹ್ವಾದ ವರ್ಷ, ಅಣ್ಣಿಗೇರಿ ದಾಟಿದ ಮ್ಯಾಲ.
ಒಳಗಿನ ಗಾಲಿ ಗಾಳಿ ಕಳಕೊಂಡಿತ್ತು,
ಹೊರಗಿಂದ ನೋಡಿದ್ರ ಎರಡೂ ನೆಟ್ಟಗ.
ಹನ್ನೆರಡು ಕಿಲೋಮೀಟರ್ ಒಂದ ಎರಡರದ್ದು ಹೊತ್ತು
ಬಿರಿಬಿಸಲಾಗ ಸಿಡೀತು.
ಹತ್ತಿ ಬಿಡಸೂ ಹೆಣ್ಮಕ್ಕಳು ಹೊಲದಾಗ ಕುಸದ ಕುಂತ್ರು.
ಕ್ಲೀನರ್ ಫಕೀರ್ಯಾನ ಎಡಗಿವಿ
ಅವತ್ತಿಂದ ಮುಚ್ಚೇತಿ.
ಈಗ ಆಂವನ ಬಲಕ್ಕ ನಿಂತ ಮಾತಾಡಸ್ತೇನಿ.

ಫೋನ್ ಇನ್ನೂ ಚಾಲೂ ಇತ್ತು.
ಅಲಾಯ್ ಬ್ಯಾಡ್ರಿ, ಅಂದೆ. ಆ ರೊಕ್ಕದಾಗ
ಹಿಂದಿನವು ಎಂಟೂ ಹೊಸಾವು ಬೇಕು,
ಒಂದ ಕಂಪನಿ, ಒಂದ ಅಳತಿ, ಒಂದ ವರ್ಷದ್ದು.
ಇಲ್ಲಾಂದ್ರ ಕೀಲಿ ಬಸ್ಸಿನ್ಯಾಗ ಕೊಟ್ಟ ಕಳಸ್ತೇನಿ.
ಸ್ವಲ್ಪ ಹೊತ್ತು ಬರೇ ಉಸರು.
'ಬಿಲ್ ಇಸಗೊಂಡು ಬಾ' ಅಂದು ಇಟ್ರು.

ದಾವಲಸಾಬ ದಾರ ಸುತ್ತಿ ಜೋಡಿ ಅಳದ.
ಬಟ್ಟಿನಷ್ಟು ಫರಕಿದ್ರ ಎತ್ತರಂದು ದುಡೀತೈತಿ,
ಗಿಡ್ಡಂದು ಸುಮ್ಮ ಮಗ್ಗಲಾಗ ತಿರಗತೈತಿ,
ನಮ್ಮ ಮನ್ಯಾಗೂ ಹಂಗ, ಅಂದ. ಯಾರ ಸುದ್ದಿ ಅಂತ ನಾ ಕೇಳಲಿಲ್ಲ.
ಹಳೇ ಡಿಸ್ಕು ತಿಕ್ಕಿದ. ನಟ್ಟು ಎದುರಾಬದರಾ ಬಿಗದ.
ಕಂಪ್ರೆಸರ್ ಗುರ್ ಅಂತು,
ಮುಳ್ಳು ನೂರಾ ಇಪ್ಪತ್ತಕ್ಕ ಬಂದು ನಡಗಿ ನಿಂತಿತು.
ಒಂದು ಮುಚ್ಚಳದಷ್ಟು ಬಾಯಿ,
ಅದರೊಳಗ ಹಿಡದ ಗಾಳಿ ಮ್ಯಾಲ
ಗುಡ್ಡದ ಗಾಳಿ ಹಿಡಿಯೂ ಯಂತ್ರ ಕುಂತು ಹೋಗಬೇಕು.

ರಾತ್ರಿ ಹನ್ನೊಂದಕ್ಕ ಹೊಂಟ್ವಿ.
ಅಣ್ಣಿಗೇರಿ ದಾಟಿ, ಅದ ಜಾಲಿಗಿಡದ ಹತ್ರ
ಹೇಳದ ಬ್ರೇಕ್ ಒತ್ತಿದೆ.
ಟಾಯರಿಗೆ ಅಂಗೈ ಇಟ್ಟೆ, ಒಳಗಿಂದಕ್ಕೂ ಇಟ್ಟೆ:
ಎರಡೂ ಒಂದ ಬಿಸಿ.
ಫಕೀರ್ಯಾ ನಂಬಲಿಲ್ಲ. ಪಾನಾ ತೊಗೊಂಡು ಬಗ್ಗಿ
ಒಳಗಿನ ಗಾಲಿಗೆ ಬಡದ,
ಬಲಗಿವಿ ಹಚ್ಚಿದ.