ಕಸದ ಫೋಲ್ಡರು

ಮೊದಲ ಸಭೆಯಲ್ಲೇ ಜಗಳ, ಅದೂ ಒಂದು ಪದಕ್ಕೆ.
ಶಬ್ದ ಅಂದರೆ ಕಂಪನ, ಅಂದರು ಭೌತಶಾಸ್ತ್ರದ ಜಂಬಣ್ಣ
ಬೋರ್ಡಿನ ಮೇಲೊಂದು ಅಲೆ ಬರೆದು.
ಶಬ್ದ ಅಂದರೆ ಪದ, ಅಂದರು ಭಾಷಾವಿಜ್ಞಾನದ ಶಮೀಮ್ ಮೇಡಂ
ಆ ಅಲೆಯ ಮೇಲೆಯೇ ಗೀಟೆಳೆದು.
ನಾನು ಕಂಪ್ಯೂಟರಿನವಳು.
ಕ್ಲಾಸಿನಲ್ಲಿ ‘ಶಬ್ದ ಮಾಡಬೇಡಿ’ ಅನ್ನುತ್ತೇವಲ್ಲ,
ನನಗೆ ಅದು. ಸೋಸಿ ಚೆಲ್ಲುವಂಥದ್ದು.
ಪುರಾತತ್ವದ ಗಾದಿಲಿಂಗಪ್ಪನವರು ಏನೂ ಅನ್ನಲಿಲ್ಲ,
ಕಿಸೆಯಿಂದ ಕಲ್ಲೊಂದು ತೆಗೆದು ಮೇಜಿನ ಮೇಲಿಟ್ಟರು.
ಟಕ್.

ನಮಗೆ ಕೊಟ್ಟದ್ದು ಹಳೆಯ ಉತ್ತರಪತ್ರಿಕೆಗಳ ಗೋದಾಮು.
‘ಯಾ ಡಿಪಾರ್ಟ್‌ಮೆಂಟ್ ಅಂತ ಬರೀಲ್ರೀ ಬಾಗ್ಲಿಗೆ?’
ಬಣ್ಣದ ಡಬ್ಬಿ ಹಿಡಿದು ಕೇಳಿದ ಹೊನ್ನೂರಸಾಬ.
ನಾಲ್ವರೂ ನಾಲ್ಕು ದಿಕ್ಕು ನೋಡಿದೆವು.
ಕಾದು ಕಾದು ಅವನೇ ಬರೆದ: ಎಲ್ಲಾರ್ದು.

ಬಳ್ಳಾರಿಯ ಬಿಸಿಲು ಏಳುವ ಮೊದಲೇ
ಸಂಗನಕಲ್ಲಿನ ಗುಡ್ಡ ಹತ್ತುವುದು.
ಬಡಿದರೆ ಗಂಟೆಯ ಹಾಗೆ ಉಲಿಯುವ ಕರಿಬಂಡೆಗಳು,
ಛತ್ರಿಯ ಕೆಳಗೆ ನನ್ನ ಲ್ಯಾಪ್‌ಟಾಪು,
ಸಾಲಕ್ಕೆ ತಂದ ಮೈಕು.
‘ಅದಲ್ಲ ಬೇ, ಅದು ಮೂಗ. ಅದರ ತಮ್ಮನ್ನ ಬಡಿ’
ಅನ್ನುತ್ತಿದ್ದಳು ಕುರಿ ಕಾಯುವ ಈರಮ್ಮ,
ನಮ್ಮ ಯಾವ ವಿಭಾಗಕ್ಕೂ ಸೇರದವಳು.

ಮೂರು ತಿಂಗಳು ಸೋಸಿದೆ.
ಕ್ರಷರಿನ ಗರಗರ, ಅದಿರು ಲಾರಿಯ ಹಾರ್ನು,
ಗಾಳಿ, ಕುರಿ, ಕುರಿಯ ಹಿಂದೆ ಈರಮ್ಮನ ಕೂಗು,
ಎಲ್ಲ ಕತ್ತರಿಸಿ ‘ಕಸ’ ಅಂತ ಹೆಸರಿಟ್ಟ ಫೋಲ್ಡರಿಗೆ.
ಉಳಿದದ್ದು ಇನ್ನೂರ ಹನ್ನೆರಡು ನಾದ,
ತೊಳೆದ ಸ್ಟೀಲು ಲೋಟದ ಹಾಗೆ.
ಎಷ್ಟು ಜಂಬದಿಂದ ಕೇಳಿಸಿದೆ ಅಂದರೆ
ಫ್ಯಾನು ಕೂಡ ಆರಿಸಿದ್ದೆ.

‘ಕ್ರಷರ್ ಎಲ್ಲಿ?’ ಅಂದರು ಜಂಬಣ್ಣ.
ತೆಗೆದೆ ಸರ್.
‘ಅಯ್ಯೋ ಮಾರಾಯ್ತಿ, ಗುಡ್ಡ ಎಷ್ಟು ನಡುಗುತ್ತೆ ಅಂತ
ನನಗೆ ಹೇಳಬೇಕಾಗಿದ್ದೇ ಅದು!’
ಶಮೀಮ್ ಮೇಡಂ ಹೆಡ್‌ಫೋನು ಕೆಳಗಿಟ್ಟರು, ಮೆಲ್ಲಗೆ,
ಸಿಟ್ಟು ಬಂದಾಗ ಅವರು ಇಡುವುದೇ ಹಾಗೆ.
‘ಈರಮ್ಮ?’

ಗಾದಿಲಿಂಗಪ್ಪನವರಿಗೆ ನಗು ತಡೆಯಲಿಲ್ಲ.
‘ನಾನು ಜೀವಮಾನವೆಲ್ಲ ತಿಪ್ಪೆ ಕೆದಕಿದವನು ತಾಯಿ.
ಕುಡತಿನಿಯ ಬೂದಿದಿಬ್ಬ ಏನಂದುಕೊಂಡ್ರಿ? ಸೆಗಣಿ.
ಸಾವಿರಾರು ವರ್ಷದ ಹಿಂದೆ ಸುಟ್ಟ ಸೆಗಣಿ.
ಇಟ್ಟುಕೊಂಡದ್ದರಲ್ಲಿ ಜನ ಸುಳ್ಳು ಹೇಳ್ತಾರೆ,
ಚೆಲ್ಲಿದ್ದರಲ್ಲಿ ಹೇಳಲ್ಲ.
ಅಳಿಸಿಬಿಟ್ರಾ?’

ಅಳಿಸಬೇಕಿತ್ತು. ಡಿಸ್ಕು ತುಂಬಿದೆ ಅಂತ
ಎರಡು ನೋಟೀಸು ಬಂದಿತ್ತು.
ನನ್ನ ಸೋಮಾರಿತನಕ್ಕೊಂದು ಶರಣು.

ಆ ರಾತ್ರಿ ಹನ್ನೊಂದರವರೆಗೂ ಕಸ ಕೇಳಿದೆವು.
ಹೊನ್ನೂರಸಾಬ ಒಗ್ಗರಣೆ ಮಿರ್ಚಿ ತಂದ,
ಕೀಬೋರ್ಡಿನ ಮೇಲೆ ಇವತ್ತಿಗೂ ಎಣ್ಣೆ ಇದೆ.
ಈರಮ್ಮನ ಕೂಗು ಒಂದೇ ಅಂದುಕೊಂಡಿದ್ದೆ,
ಹತ್ತೊಂಬತ್ತು.
ಕುಂಟುವ ಕುರಿಗೊಂದು, ತಾಯಿ ಬಿಟ್ಟ ಮರಿಗೊಂದು,
ಒಂದು ಕ್ರಷರಿನವರಿಗೆ (ಅದನ್ನು ಮೇಡಂ
ಇನ್ನೂ ಕೋಶಕ್ಕೆ ಸೇರಿಸಿಲ್ಲ).

ಈಗ ಫಾರಂ ಎರಡನೇ ಸಲ ವಾಪಸು ಬಂದಿದೆ.
‘ವಿಭಾಗ: ಒಂದನ್ನು ಮಾತ್ರ ನಮೂದಿಸಿ.’
ಈರಮ್ಮನ ಗೌರವಧನಕ್ಕೆ ವಿದ್ಯಾರ್ಹತೆ ಕೇಳಿದ್ದಾರೆ.
ಜಂಬಣ್ಣ ನೀಲಿ ಪೆನ್ನಲ್ಲಿ ಬರೆದಿದ್ದಾರೆ:
ಯಾವ ಕಲ್ಲು ಮೂಗ ಎಂದು ಬಲ್ಲವರು.
ಇದೂ ವಾಪಸು ಬರುತ್ತದೆ, ಗೊತ್ತು.

ನಿನ್ನೆ ಒಬ್ಬಳೇ ಕೂತು
ನಲವತ್ತೇಳನೇ ಫೈಲು ಹಚ್ಚಿದೆ.
ಕಲ್ಲು ಉಲಿಯಿತು. ಒಂದು ಕುರಿ ಕೆಮ್ಮಿತು.
ದೂರದಲ್ಲಿ ಲಾರಿ ಗೇರು ಬದಲಿಸಿತು.
ಆಮೇಲೆ ಹತ್ತಿರದಿಂದ ಯಾರೋ, ಏದುಸಿರಿನಲ್ಲಿ,
‘ರೆಕಾರ್ಡ್ ಆಯ್ತಾ?’

ನಾನೇ.
ನನ್ನನ್ನೂ ಕತ್ತರಿಸಿ ಹಾಕಿದ್ದೆ.
ನನ್ನ ದನಿಯ ಕೆಳಗೆ
ಕಲ್ಲು ಇನ್ನೂ ನಿಂತಿರಲಿಲ್ಲ.