ಮಟ್ಟ

ಪ್ಯಾರಮಟ್ಟಾ ಅಂದಾಗ ಮೊದಮೊದಲು
ನನ್ನ ಕಿವಿಗೆ ಮಟ್ಟ ಮಾತ್ರ ಕೇಳುತ್ತಿತ್ತು,
ಗಾರೆಯವರ ಮಟ್ಟಗೋಲು, ಗಾಳಿಗುಳ್ಳೆ
ನಡುಗೆರೆಗೆ ಬಂದು ನಿಲ್ಲುವ ಹಾಗೆ.

ಮಂಗಳವಾರ. ಮಾಲ್‌ನಲ್ಲಿ ಕರೆಂಟಿಲ್ಲ,
ಹೊಲಿಗೆ ಯಂತ್ರ ಮಲಗಿದೆ. ಹನ್ನೊಂದು ಪ್ಯಾಂಟು
ಕಾಲು ಗಿಡ್ಡವಾಗಲು ಕಾದಿವೆ.
ಎದುರಿನ ಹೊಸ ಕಟ್ಟಡದ ನೆಲಮಾಳಿಗೆಗೆ ಇಳಿದೆ.
ಪುಕ್ಕಟೆ ಪ್ರವೇಶ, ತಂಪು.
ಮೇಲೆ ಮೂವತ್ತು ಅಂತಸ್ತು, ಕೆಳಗೆ ಗಾಜಿನಡಿ
ಬಂಡಿಗಾಲಿ ಮಾಡುತ್ತಿದ್ದವನೊಬ್ಬನ ಮನೆಯ ಪಾಯ,
ಒಂದು ಬಾವಿ, ಅದಕ್ಕೊಂದು ದೀಪ.

ಬೆರಿಲ್ ಟ್ವೀಡಿ, ವಾರಕ್ಕೆರಡು ದಿನ ಸಂಬಳವಿಲ್ಲದೆ
ಇಲ್ಲಿ ನಿಲ್ಲುವವಳು, ಊರುಗೋಲಿನಿಂದ ತೋರಿದಳು:
ಈ ಕಪ್ಪು ಪಟ್ಟಿ ಬೆಂಕಿ ಬಿದ್ದ ವರ್ಷ,
ಈ ಕೆಂಪು ಇಟ್ಟಿಗೆಪುಡಿ, ಈ ಬೂದು ಮಣ್ಣು ನೆರೆ.
ಗೇಣಿಗೊಂದು ಸರಕಾರ, ಅಂದೆ.
ಅವಳಿಗೆ ಇಂಗ್ಲಿಷಿನಲ್ಲಿ ಹೇಳುವಾಗ ಅದು ಸಪ್ಪೆಯಾಯಿತು.

ಮೂರನೇ ಪೆಟ್ಟಿಗೆಯಲ್ಲಿ ಕೈದಿಯ ಅಂಗಿ.
ಅಂಗಿಯೆಂದರೆ ಒಂದು ತೋಳು, ಅರ್ಧ ಕೊರಳಪಟ್ಟಿ,
ನೀಲಿ ಗೆರೆ. ಹಲಗೆನೆಲದ ಸಂದಿಗೆ ಎಳೆದೊಯ್ದು
ಇಲಿಗಳು ಗೂಡು ಕಟ್ಟಿಕೊಂಡಿದ್ದವಂತೆ;
ಅದಕ್ಕೇ ಉಳಿಯಿತು. ದಫ್ತರದವರು ಬರೆದಿಟ್ಟದ್ದು
ಅಂಗಿಗಳ ಲೆಕ್ಕ, ಛಡಿಯೇಟುಗಳ ಲೆಕ್ಕ.
ಬೆಟ್ಟ ಅಗೆದು ಇಲಿ ಹಿಡಿದರು ಅಂತ
ನಗುತ್ತೇವಲ್ಲ ನಾವು; ಇಲ್ಲಿ ಅಗೆದವರಿಗೆ
ಇಲಿಯೇ ಎದುರು ಬಂದು ಲೆಕ್ಕ ಒಪ್ಪಿಸಿದೆ.

ಮೂಗು ಗಾಜಿಗೆ ತಾಗುವಷ್ಟು ಬಗ್ಗಿದೆ.
ಕಂಕುಳಲ್ಲಿ ತೇಪೆ. ಒಳ್ಳೆಯ ತೇಪೆ.
ಗೆರೆಗೆ ಗೆರೆ ಕೂಡಿಸಿ, ಅಂಚು ಒಳಗೆ ಮಡಚಿ;
ಎಡಗೈಯವನೋ ಎಡಗೈಯವಳೋ, ಹೊಲಿಗೆ ಆ ಕಡೆ ವಾಲಿದೆ.
ಕಾಜಾ ಮಾತ್ರ ಅವಸರದ್ದು. ಯಾರೋ ಕರೆದಿರಬೇಕು,
ಗಂಟೆ ಹೊಡೆದಿರಬೇಕು.
ಚೀಟಿಯಲ್ಲಿ: 'ಬಟ್ಟೆ ಬಹುಶಃ ಇಂಡಿಯಾದ್ದು.'
ಬಹುಶಃ. ನೂಲಿಗೆ ಸಾಕ್ಷಿ ಹೇಳಲು ಬಾರದು.
ನೇಯ್ದವನಿಂದ ಮಗ್ಗದ ತೆರಿಗೆ ಕಟ್ಟಿಸಿಕೊಂಡವರ ಬಳಗವೇ
ಇವನ ಬೆನ್ನಿಗೆ ಇದನ್ನು ಹೊದಿಸಿತು;
ಒಬ್ಬರ ಮುಖ ಒಬ್ಬರು ಕಂಡವರಲ್ಲ.

ತೀರ ಕೆಳಗೆ, ಹೊಳೆಯ ಮರಳಲ್ಲಿ
ಹೆಬ್ಬೆರಳಿನ ಉಗುರಿನಷ್ಟು ಕಲ್ಲಿನ ಚಕ್ಕೆ.
ಕ್ಯಾಪ್ಟನ್ನನ ಗುಂಡಿಗೆ ಹೆಸರಿದೆ, ರೆಜಿಮೆಂಟಿದೆ, ಇಸವಿಯಿದೆ;
ಇದಕ್ಕೆ ಒಂದೇ ಸಾಲು: 'ದರುಗ್ ಜನರದು. ಕಾಲ ತಿಳಿಯದು.'
ಶಾಲೆಯ ಹುಡುಗಿಯೊಬ್ಬಳು ಟೀಚರಿಗೆ ಹೇಳುತ್ತಿದ್ದಳು:
ತಿಳಿಯದು ಅಂದರೆ ಹೇಗೆ, ನಮ್ಮಜ್ಜಿ
ಬ್ಲ್ಯಾಕ್‌ಟೌನಿನಲ್ಲೇ ಇದ್ದಾಳೆ, ಫೋನ್ ಮಾಡಿ ಕೇಳಿ.
ಟೀಚರು ಮಕ್ಕಳ ಸಾಲು ಸರಿಮಾಡಿಸಿದಳು.
ಬೆರಿಲ್ ಮೆತ್ತಗೆ ಅಂದಳು, ಊರ ಹೆಸರೂ ಅವರದೇ,
ಹಾವುಮೀನು ಮಲಗುವ ಜಾಗ ಅಂತ ಅರ್ಥ.

ಹಾಗಾದರೆ ಮಟ್ಟ ಅಲ್ಲ. ಇಷ್ಟು ವರ್ಷ
ಗುಳ್ಳೆಯನ್ನು ನಡುಗೆರೆಯಲ್ಲಿ ಹಿಡಿದುಕೊಂಡೇ
ನಾನಿಲ್ಲಿ ನಡೆದಾಡಿದ್ದೆ.

ಕರೆಂಟು ಬಂತೆಂದು ಫೋನು. ಮೇಲೆ ಹತ್ತಿದೆ.
ಮೊದಲ ಪ್ಯಾಂಟಿನ ಕಾಲು ಕತ್ತರಿಸಿ, ಬಿದ್ದ ಚೂರನ್ನು
ಬುಟ್ಟಿಗೆ ಹಾಕದೆ, ಯಂತ್ರದ ಹಿಂದೆ
ಗೋಡೆಯ ಸಂದಿಗೆ ಕಾಲಿನಿಂದ ತುಸು ಸರಿಸಿದೆ.
ಇಲಿ ಇವೆಯೋ ಇಲ್ಲವೋ ಇಲ್ಲಿ.
ಕೌನ್ಸಿಲ್‌ನವರು ವಿಷ ಇಟ್ಟಿದ್ದಾರೆ.