ಮರಳು ಚೀಲದ ಬದಲು

ಎಳೆಗೂಸಿನ ಕೆಳಗೆ ಹಾಸುವ ತುಂಡೊಂದಿದೆ ನಮ್ಮಲ್ಲಿ,
ಬೂದು ಬಣ್ಣ, ಒಂದು ಮೊಳ, ರಬ್ಬರು ಬಳಿದ ಬಟ್ಟೆ.
ಮಡಿಸಿದಲ್ಲೆಲ್ಲ ಸೀಳಿದೆ. ನೀರು ಈಗ ತಡೆಯುವುದಿಲ್ಲ.
ಆದರೂ ಮಝಗಾಂವಿನ ಈ ಖೋಲಿಯಲ್ಲಿ ಯಾರು ಹೆತ್ತರೂ
ಮೊದಲ ದಿನ ಇದೇ ಬೇಕು.

ಇದು ಬಲೂನಿನ ಚರ್ಮ.

ಮುತ್ತಜ್ಜ ಜಟ್ಟಿ ಖಾರ್ವಿ, ಹಾಯಿ ಹೊಲಿಯುವವ,
ಹೊನ್ನಾವರದಿಂದ ಮಚವೆಯಲ್ಲಿ ಬಂದಿಳಿದವ,
ಮೊದಲ ಯುದ್ಧದ ಕಾಲಕ್ಕೆ ಗೋದಿಯಲ್ಲಿ ಕೂಲಿ
(ಇಲ್ಲಿ ಗೋದಿ ಅಂದರೆ ಕಾಳಲ್ಲ, ಹಡಗುಕಟ್ಟೆ).
ಖರ್ಜೂರ ಹೊರುತ್ತಿದ್ದ ಹಡಗೊಂದರ ಹೊಟ್ಟೆ ಕೊಯ್ದು
ಬಲೂನಿಗೆ ಗೂಡು ಮಾಡಿದ್ದರಂತೆ;
ಹೆಸರು ಒರೆಸಿ ನಂಬರು ಬರೆದಿದ್ದರಂತೆ;
ಖರ್ಜೂರದ ನೊಣ ಮಾತ್ರ ಹಡಗು ಬಿಟ್ಟಿರಲಿಲ್ಲ.

ಸೋಪಿನ ನೊರೆ ಸವರುವುದು, ಗುಳ್ಳೆ ಎದ್ದಲ್ಲಿ ತೇಪೆ.
ಬೀಡಿ ಸೇದುವಂತಿಲ್ಲ. ಮೊಳೆ ಹೊಡೆದ ಚಪ್ಪಲಿ ಮೆಟ್ಟುವಂತಿಲ್ಲ.

ಪರೀಕ್ಷೆಯ ದಿನ ಬುಟ್ಟಿಗೆ ತೂಕ ಸಾಲಲಿಲ್ಲ.
ಮರಳು ಚೀಲದ ಬದಲು ಅವನನ್ನೇ ಹತ್ತಿಸಿದರು.

ಹಡಗು ಚಪ್ಪಲಿಯಷ್ಟಾಯಿತು.
ದೋಣಿಗಳು ಅಕ್ಕಿಯೊಳಗಿನ ಹುಳ.
ಘಾರಾಪುರಿ ಕೈಗೆಟಕುವಷ್ಟು ಹತ್ತಿರ.
ತೆಂಕಣಕ್ಕೆ ನೋಡಿದ. ಹೊನ್ನಾವರ ಕಾಣಲಿಲ್ಲ, ಬರೀ ಮಬ್ಬು.

ಸಾಹೇಬ ಉದಾರಿ, ದುರ್ಬೀನು ಕೊಟ್ಟ, ಒಂದು ಗಳಿಗೆ.
ಭಾವುಚಾ ಧಕ್ಕೆಯ ಮೆಟ್ಟಿಲು. ಬುಟ್ಟಿ. ಬಂಗಡೆ.
ಹೆಂಡತಿ ಗಣಪಿ ಯಾರನ್ನೋ ಬೈಯುತ್ತಿದ್ದಳು,
ಬಾಯಿ ಆಡುತ್ತಿತ್ತು, ಮಾತು ಅಷ್ಟೆತ್ತರ ಏರಲಿಲ್ಲ.
ಮೂಗಿನ ನತ್ತು ಕೂಡ ಕಂಡಿತು.
ಏಳು ತಿಂಗಳು; ಸೊಂಟಕ್ಕೆ ಕೈ ಕೊಟ್ಟು ನೆಟ್ಟಗಾದಳು.

ನಕ್ಕನಂತೆ. ಕೈ ಬೀಸಿದನಂತೆ, ಪೆದ್ದ.

ಸಾಹೇಬ ದುರ್ಬೀನು ವಾಪಸು ತೆಗೆದುಕೊಂಡು
ಅದೇ ಮೆಟ್ಟಿಲು ನೋಡುತ್ತ
ಫೋನಿನ ಬಾಯಿಗೆ ಅಂಕಿ ಹೇಳತೊಡಗಿದ.
ಬರೀ ಅಭ್ಯಾಸ. ಖಾಲಿ ಫಿರಂಗಿ.
ಇಂಗ್ಲಿಷಿನಲ್ಲಿ ಮುತ್ತಜ್ಜನಿಗೆ ಬರುತ್ತಿದ್ದುದು ಅಂಕಿಯಷ್ಟೇ,
ಬಟ್ಟೆಯ ಅಳತೆಗೆಂದು ಕಲಿತದ್ದು.
ಇನ್ನೂರು. ಐವತ್ತು. ಹತ್ತು.
ಪ್ರತಿ ಅಂಕಿಗೂ ಕೆಳಗೊಂದು ಮೂತಿ
ಒಂದೊಂದು ಕೂದಲೆಳೆ ತಿರುಗಿ
ನಿಂತಿತು.

ಮರುದಿನ ಕೂಲಿಗೆ ಹೋಗಲಿಲ್ಲ.
ಹನ್ನೊಂದು ದಿನದ ಸಂಬಳ ಅಲ್ಲೇ ಉಳಿಯಿತು.
ಹಡಗು ಹೋಯಿತು, ಬಸ್ರಾಕ್ಕೋ ಆಫ್ರಿಕಕ್ಕೋ,
ಇನ್ಯಾರದೋ ಮೆಟ್ಟಿಲು ನೋಡಲು.
ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ತೇಪೆ ತುಂಡು ಮನೆಗೆ ಬಂತು.

ಅಷ್ಟೆತ್ತರದಿಂದ ಏನು ಕಂಡೆ, ಗಣಪಿ ಕೇಳುತ್ತಲೇ ಇದ್ದಳು.
ಬಂಗಡೆ ರೇಟು, ಅನ್ನುತ್ತಿದ್ದ.
ಬಾಯಿಬಿಟ್ಟದ್ದು ಅವಳು ಹೋದ ಮೇಲೆ,
ಆವತ್ತು ಅವಳ ಹೊಟ್ಟೆಯಲ್ಲಿದ್ದವಳ ಮುಂದೆ.